ನಿಂತುಹೋದ ಹಳೇ ಪವರ್ ಟಿಲ್ಲರನ್ನು ಮನೆಯಲ್ಲೇ ಎಬ್ಬಿಸುವುದು ಹೇಗೆ

ನಮ್ಮ ಕಡೆ, ತೀರ್ಥಹಳ್ಳಿ ಸುತ್ತಮುತ್ತ, ಎಷ್ಟೋ ಮನೆಗಳ ಕೊಟ್ಟಿಗೆ ಹಿಂದೆ ಒಂದು ಹಳೇ ಪವರ್ ಟಿಲ್ಲರ್, ಅಂದರೆ ಹಿಂದೆ ನಡೆಯುತ್ತಾ ಗದ್ದೆ ಹೂಡುವ ಎರಡು ಚಕ್ರದ ಯಂತ್ರ, ನಿಂತಿರುತ್ತದೆ. ಮೇಲೆ ಹರಿದ ಟಾರ್ಪಾಲು, ಹ್ಯಾಂಡಲಿಗೆ ಹಬ್ಬಿದ ಬಳ್ಳಿ, ನೆಲಕ್ಕೆ ಕಚ್ಚಿಕೊಂಡ ಟೈರು. ಗುಜರಿಯವರು ಬಂದು ಕೆ.ಜಿ. ಲೆಕ್ಕದಲ್ಲಿ ಕೇಳುತ್ತಾರೆ, ಮನೆಯವರು ಜಾಗ ಖಾಲಿಯಾದರೆ ಸಾಕು ಅಂತ ಕೊಟ್ಟುಬಿಡುತ್ತಾರೆ. ದಯವಿಟ್ಟು ಕೊಡಬೇಡಿ. ಅಪ್ಪ ಗದ್ದೆ ಹೂಡುತ್ತಿದ್ದ ಟಿಲ್ಲರ್ ನಮ್ಮಲ್ಲೂ ಒಂಬತ್ತು ಮಳೆಗಾಲ ಹೀಗೇ ನಿಂತಿತ್ತು. ಒಂದು ಬೇಸಿಗೆಯ ಸಂಜೆಗಳನ್ನೆಲ್ಲ ಕೊಟ್ಟು ಅದನ್ನು ಎಬ್ಬಿಸಿದೆ. ಈಗ ತೋಟಕ್ಕೆ ಗೊಬ್ಬರ, ಸೊಪ್ಪು ಎಲ್ಲ ಅದರಲ್ಲೇ ಹೋಗುತ್ತದೆ. ಹೇಗೆ ಮಾಡಿದೆ, ಯಾವುದನ್ನು ಮೊದಲು ಮಾಡಬೇಕಿತ್ತು, ಎಲ್ಲಿ ದುಡ್ಡು ಉಳಿಸಬಾರದು ಅನ್ನುವುದನ್ನು ಬರೆದಿಡುತ್ತಿದ್ದೇನೆ.

ಇದು ಮನೆಯಲ್ಲೇ ಆಗುವ ಕೆಲಸ ಅನ್ನುವುದಕ್ಕೆ ಕಾರಣ ಇದೆ. ನಮ್ಮಲ್ಲಿ ಹಳೇ ಟಿಲ್ಲರ್ ಅಂದರೆ ಹೆಚ್ಚಾಗಿ ಎರಡೇ ವಂಶ. ಒಂದು, 1967ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಮಿತ್ಸುಬಿಷಿ ತಂತ್ರಜ್ಞಾನದ ವಿಎಸ್‌ಟಿ. ಇನ್ನೊಂದು, 1973ರಲ್ಲಿ ಹುಟ್ಟಿದ ಕೇರಳ ಸರ್ಕಾರದ ಕಾಮ್ಕೊ, ಅದರದ್ದು ಕುಬೋಟ ಮೂಲ. ಎರಡರಲ್ಲೂ ಇರುವುದು ಮಲಗಿಸಿದ ಒಂದೇ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್, 12 ರಿಂದ 13 ಎಚ್‌ಪಿ. ಅಲ್ಲಿಂದ ಬೆಲ್ಟು, ಕ್ಲಚ್ಚು, ಗೇರ್‌ಬಾಕ್ಸು, ಹಿಂದೆ ಮಣ್ಣು ಅಗೆಯುವ ಬ್ಲೇಡುಗಳಿರುವ ರೋಟರಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಪಾನಾಕ್ಕೆ ಸಿಗುತ್ತದೆ. ಸಾಮಾನು ಇಂದಿಗೂ ಸಿಗುತ್ತದೆ. ನಮಗೆ ಬೇಕಾದ್ದು ಬಹುಪಾಲು ಶಿವಮೊಗ್ಗದಲ್ಲೇ ಸಿಕ್ಕಿತು.

ಶುರು ಮಾಡುವ ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಮಲೆನಾಡಿನಲ್ಲಿ ಸುಮ್ನೆ ನಿಂತ ಯಂತ್ರ ಹಾಳಾಗುವುದು ನೀರಿನಿಂದ. ನಮ್ಮ ಟಿಲ್ಲರಿನಲ್ಲಿ ನಾನು ಕಂಡ ಒಂದೊಂದು ತೊಂದರೆಯನ್ನೂ ಹಿಂದಕ್ಕೆ ಹಿಡಿದುಕೊಂಡು ಹೋದರೆ ಕೊನೆಗೆ ನೀರು ಒಳಗೆ ಹೋದ ಒಂದು ದಾರಿ ಸಿಗುತ್ತಿತ್ತು. ಆದ್ದರಿಂದ ಪಾನಾ ಹಿಡಿಯುವ ಮೊದಲು ಒಂದು ದಿನ ಇಡೀ ಯಂತ್ರದ ಸುತ್ತ ಕೂತು ನೋಡಿ. ಸೈಲೆನ್ಸರ್ ಬಾಯಿ ಮೇಲಕ್ಕೆ ತೆರೆದಿತ್ತಾ? ಡೀಸೆಲ್ ಟ್ಯಾಂಕಿನ ಮುಚ್ಚಳ ಇದೆಯಾ? ಏರ್ ಕ್ಲೀನರಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದೆಯಾ? ಗೇರ್ ಲಿವರಿನ ಬುಡದ ರಬ್ಬರ್ ಹರಿದಿದೆಯಾ? ಹರಿದಿದ್ದರೆ ಗೇರ್‌ಬಾಕ್ಸಿನಲ್ಲಿ ನೀರು ಇದೆ ಅಂತಲೇ ಲೆಕ್ಕ. ಇದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಆಮೇಲೆ ತುಂಬಾ ಉಪಯೋಗಕ್ಕೆ ಬರುತ್ತದೆ.

ಎಣ್ಣೆ ಏನು ಹೇಳುತ್ತದೆ

ಮೊದಲ ಕೆಲಸ ಎಂಜಿನ್ನಿನ ಕೆಳಗಿನ ಡ್ರೈನ್ ಬೋಲ್ಟು ನಿಧಾನವಾಗಿ ಸಡಿಲಿಸಿ, ಕೆಳಗೆ ಒಂದು ಹಳೇ ಬಾಣಲೆ ಇಡುವುದು. ಎಣ್ಣೆಗಿಂತ ನೀರು ಭಾರ, ಅದು ಅಡಿಯಲ್ಲಿ ಕೂತಿರುತ್ತದೆ. ಮೊದಲು ನೀರು ಬಂದು ಆಮೇಲೆ ಕಪ್ಪು ಎಣ್ಣೆ ಬಂದರೆ, ಯಂತ್ರ ನಿಂತ ಮೇಲೆ ನೀರು ಸೇರಿದೆ. ಹಾಲು ಹಾಕಿದ ಚಹಾದ ಬಣ್ಣದಲ್ಲಿ ಬಂದರೆ ಓಡುತ್ತಿದ್ದಾಗಲೇ ಸೇರಿ ಕಲಸಿಕೊಂಡಿದೆ. ಹಾಗಿದ್ದರೆ ಹೆಡ್ (ಸಿಲಿಂಡರಿನ ಮುಚ್ಚಳ) ಗ್ಯಾಸ್ಕೆಟ್ಟು ಇಲ್ಲವೇ ಲೈನರಿನ (ಪಿಸ್ಟನ್ ಓಡಾಡುವ ಒಳಕೊಳವೆ) ಬುಡದ ರಬ್ಬರ್ ರಿಂಗು ಹೋಗಿದೆ ಅಂತ ಅನುಮಾನ ಪಡಿ. ಗೇರ್‌ಬಾಕ್ಸು, ರೋಟರಿ ಎಣ್ಣೆಯನ್ನೂ ಹೀಗೇ ಇಳಿಸಿ. ಎಣ್ಣೆಯಲ್ಲಿ ಕಬ್ಬಿಣದ ಚೂರು ಇದೆಯಾ ಅಂತ ಅಯಸ್ಕಾಂತ ಆಡಿಸಿ ನೋಡಿ. ನುಣ್ಣನೆ ಪುಡಿ ಸ್ವಲ್ಪ ಇದ್ದರೆ ಹೆದರಬೇಡಿ. ಚೂರು ಸಿಕ್ಕರೆ ಗೇರಿನ ಹಲ್ಲು ಇಲ್ಲವೇ ಬೇರಿಂಗ್ ಒಡೆದಿದೆ, ಆ ಪೆಟ್ಟಿಗೆ ತೆಗೆಯಲೇಬೇಕು.

ಆಮೇಲೆ ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು, ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುಗಿಸಿ. ತಿರುಗಿದರೆ ನಿಮ್ಮ ಅರ್ಧ ಚಿಂತೆ ಕಳೆಯಿತು. ನಮ್ಮದು ತಿರುಗಲಿಲ್ಲ. ಸೈಲೆನ್ಸರಿನಿಂದ ಇಳಿದ ಮಳೆನೀರು ತೆರೆದ ವಾಲ್ವಿನ ಮೂಲಕ ಸಿಲಿಂಡರಿಗೆ ಹೋಗಿ ಪಿಸ್ಟನ್ ರಿಂಗನ್ನು ಲೈನರಿಗೆ ಹಿಡಿಸಿಬಿಟ್ಟಿತ್ತು.

ಇಲ್ಲಿ ಎಲ್ಲರೂ ಹೇಳುವುದು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್ ಬಿಚ್ಚಿ ಆ ತೂತಿನಿಂದ ಡೀಸೆಲ್ ಸುರಿದು ಬಿಡಿ ಅಂತ. ನಿಂತ ಸಿಲಿಂಡರಿಗೆ ಅದು ಸರಿ. ನಮ್ಮದು ಮಲಗಿದ ಸಿಲಿಂಡರ್, ಸುರಿದದ್ದೆಲ್ಲ ಕೆಳಗಿನ ಗೋಡೆಯಲ್ಲಿ ನಿಲ್ಲುತ್ತದೆ, ಮೇಲಿನ ಅರ್ಧಕ್ಕೆ ತಾಗುವುದೇ ಇಲ್ಲ. ಒಂದು ವಾರ ಸುರಿದು ಕಾದೆ, ಏನೂ ಆಗಲಿಲ್ಲ. ಆಮೇಲೆ ಟ್ಯಾಂಕು, ರೇಡಿಯೇಟರ್ ಎಲ್ಲ ತೆಗೆದು, ಕೊಟ್ಟಿಗೆಯ ತೊಲೆಗೆ ಚೈನ್ ಬ್ಲಾಕ್ ಕಟ್ಟಿ ಎಂಜಿನ್ನನ್ನು ಚಾಸಿಯಿಂದ ಎತ್ತಿ, ಹೆಡ್ ಮೇಲಕ್ಕೆ ಬರುವ ಹಾಗೆ ಮರದ ದಿಮ್ಮಿಗಳ ಮಧ್ಯೆ ನಿಲ್ಲಿಸಿ ಡೀಸೆಲ್ಲಿಗೆ ಎಂಜಿನ್ ಆಯಿಲ್ ಬೆರೆಸಿ ತುಂಬಿದೆ. ಎಂಜಿನ್ ನೂರು ಕೆ.ಜಿ.ಗೂ ಜಾಸ್ತಿ, ಒಬ್ಬರೇ ಎತ್ತಲು ಹೋಗಬೇಡಿ, ತೊಲೆ ಗಟ್ಟಿ ಇದೆಯಾ ಅಂತ ಮೊದಲು ನೋಡಿ, ಚೈನಿನಲ್ಲಿ ತೂಗುತ್ತಿರುವಾಗ ಕೆಳಗೆ ಕೈ ಕಾಲು ಹಾಕಬೇಡಿ. ಮೂರನೇ ದಿನ ಎಂಜಿನ್ ಪಕ್ಕದ ಭಾರದ ಚಕ್ರ, ಅಂದರೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಕೂದಲೆಳೆಯಷ್ಟು ಅಲುಗಿಸುತ್ತಾ ಹೋದೆ. ಸಂಜೆ ಹೊತ್ತಿಗೆ ಒಂದು ಸುತ್ತು ಬಂತು. ಅಪ್ಪ ಜಗುಲಿಯಿಂದ ಎದ್ದು ಬಂದು ಫ್ಲೈವೀಲ್ ಮೇಲೆ ಕೈ ಇಟ್ಟು ನಿಂತರು, ಏನೂ ಮಾತಾಡಲಿಲ್ಲ.

ಹಿಡಿದುಕೊಂಡಿದೆ ಅಂತ ಫ್ಲೈವೀಲಿಗೆ ಸುತ್ತಿಗೆಯಲ್ಲಿ ಹೊಡೆಯಬೇಡಿ. ಅದು ಬೀಡುಕಬ್ಬಿಣ, ಸೀಳಿದರೆ ಮುಗಿಯಿತು. ತೀರಾ ಬರದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಗಟ್ಟಿ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ.

ಬಿಚ್ಚುವುದು

ಬಿಚ್ಚುವುದರಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಮೊದಲೆರಡು ದಿನ ಉಮೇದಿನಲ್ಲಿ ಬಿಚ್ಚಿದ ಬೋಲ್ಟು, ವಾಷರ್ ಎಲ್ಲ ಒಂದೇ ಬಕೆಟ್ಟಿಗೆ ಹಾಕಿದೆ. ಜೋಡಿಸುವಾಗ ಒಂದೇ ದಪ್ಪದ, ಉದ್ದ ಮಾತ್ರ ಸ್ವಲ್ಪ ಬೇರೆ ಇರುವ ಬೋಲ್ಟುಗಳನ್ನು ವಿಂಗಡಿಸಲು ನಾಲ್ಕು ಸಂಜೆ ಹೋಯಿತು. ಉದ್ದದ ಬೋಲ್ಟನ್ನು ಗಿಡ್ಡ ತೂತಿಗೆ ಹಾಕಿ ಬಿಗಿದರೆ ಬೀಡು ಒಡೆಯುತ್ತದೆ, ಹಾಗಾಗಿ ಅಂದಾಜಿನಲ್ಲಿ ಹಾಕುವ ಹಾಗೂ ಇಲ್ಲ. ಆಮೇಲೆ ತೆಂಗಿನ ಗರಟೆ ಇಟ್ಟುಕೊಂಡೆ. ಒಂದು ಭಾಗಕ್ಕೆ ಒಂದು ಗರಟೆ, ಒಳಗೆ ಒಂದು ಚೀಟಿ. ಜೊತೆಗೆ ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಎರಡು ಫೋಟೋ, ಒಂದು ದೂರದಿಂದ, ಒಂದು ಹತ್ತಿರದಿಂದ. ಶಿಮ್ಮು, ಅಂದರೆ ತಗಡಿನಂಥ ತೆಳು ವಾಷರುಗಳನ್ನು ಯಾವ ಕಡೆಯದ್ದು ಅಂತ ದಾರದಲ್ಲಿ ಪೋಣಿಸಿ ಕಟ್ಟಿಡಿ.

ತುಕ್ಕು ಹಿಡಿದ ಬೋಲ್ಟಿಗೆ ಅವಸರ ಪಡಬಾರದು. ವೈರ್ ಬ್ರಷ್ ಹಾಕಿ ಉಜ್ಜಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿ ಬಿಡಿ. ಬೆಳಿಗ್ಗೆ ತಲೆ ಮೇಲೆ ನಾಲ್ಕು ಪೆಟ್ಟು ಕೊಟ್ಟು, ಮೊದಲು ಬಿಗಿಮಾಡುವ ಕಡೆಗೆ ಚೂರು ಎಳೆದು ಆಮೇಲೆ ಬಿಚ್ಚುವ ಕಡೆಗೆ ಎಳೆಯಿರಿ. ಗ್ಯಾಸ್ ಟಾರ್ಚಿನಲ್ಲಿ ಕಾಯಿಸುವುದಾದರೆ ಟ್ಯಾಂಕು, ಡೀಸೆಲ್ ಬಟ್ಟೆ, ಸ್ಪ್ರೇ ಡಬ್ಬ ಎಲ್ಲ ದೂರ ಇಟ್ಟು, ಪಕ್ಕದಲ್ಲಿ ಒಂದು ಬುಟ್ಟಿ ಮರಳು ಇಟ್ಟುಕೊಳ್ಳಿ. ಕೊಟ್ಟಿಗೆಯಲ್ಲಿ ಒಣಹುಲ್ಲು ಇದ್ದರೆ ಈ ಕೆಲಸ ಅಂಗಳದಲ್ಲೇ ಮಾಡಿ.

ಒಳಗಿನ ಭಾಗಗಳಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅನ್ನುವುದನ್ನು ಅಳತೆಯಿಂದ ತೀರ್ಮಾನಿಸಿ. ಪಿಸ್ಟನ್ ರಿಂಗನ್ನು ಬಿಡಿಯಾಗಿ ಲೈನರೊಳಗೆ ಇಟ್ಟು, ಪಿಸ್ಟನ್ನಿನ ತಲೆಯಿಂದ ನೇರವಾಗಿ ಒಳಗೆ ತಳ್ಳಿ, ಅದರ ಎರಡು ತುದಿಗಳ ಮಧ್ಯದ ಸಂದನ್ನು ಫೀಲರ್ ಗೇಜಿನಲ್ಲಿ, ಅಂದರೆ ಸಂದು ಅಳೆಯುವ ತೆಳು ತಗಡುಗಳಲ್ಲಿ, ಅಳೆಯಬೇಕು. ಸುಮಾರು 95 ಮಿ.ಮೀ. ಬೋರಿಗೆ (ಸಿಲಿಂಡರಿನ ಒಳ ಅಗಲ) ಹೊಸ ರಿಂಗಾದರೆ 0.3 ರಿಂದ 0.5 ಮಿ.ಮೀ. ಇರುತ್ತದೆ. 1 ಮಿ.ಮೀ. ದಾಟಿದರೆ ಆ ರಿಂಗು ಬೇಡ. ಹೊಸ ರಿಂಗು ಹಾಕಿಯೂ ಸಂದು ದೊಡ್ಡದೇ ಇದ್ದರೆ ಸವೆದದ್ದು ಲೈನರ್. ಲೈನರಿನ ತುದಿಯಲ್ಲಿ ಉಗುರು ಎಳೆದು ನೋಡಿ, ರಿಂಗು ಓಡಾಡದ ಜಾಗದಲ್ಲಿ ಮೆಟ್ಟಿಲಿನಂತೆ ಉಗುರು ತಡೆದರೂ ಅದೇ ಅರ್ಥ. ಆಗ ಲೈನರ್, ಪಿಸ್ಟನ್, ರಿಂಗು ಸೆಟ್ಟಾಗಿಯೇ ಬದಲಾಯಿಸಿ. ಲೈನರ್ ನೀರಿನ ಮಧ್ಯೆಯೇ ಕೂರುವುದರಿಂದ ಬುಡದ ರಬ್ಬರ್ ರಿಂಗುಗಳನ್ನು ಹೊಸದೇ ಹಾಕಿ, ಸೋಪಿನ ನೀರು ಹಚ್ಚಿ ಕೈಯಲ್ಲಿ ಒತ್ತಿ ಕೂರಿಸಿ. ಹೊಡೆದು ಕೂರಿಸಿದರೆ ರಬ್ಬರ್ ಕತ್ತರಿಸುತ್ತದೆ, ಎಣ್ಣೆ ಮತ್ತೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಪೂರ್ತಿ ಜೋಡಿಸುವ ಮೊದಲು ನೀರು ತುಂಬಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಕ್ರ್ಯಾಂಕ್ ಕಡೆ ಒಂದು ಹನಿಯೂ ಇಳಿದಿಲ್ಲ ಅಂತ ನೋಡಿಕೊಂಡರೆ ಮನಸ್ಸಿಗೆ ಸಮಾಧಾನ.

ವಾಲ್ವನ್ನು ಗ್ರೈಂಡಿಂಗ್ ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಕೂರಿಸಬಹುದು. ಸುತ್ತಲೂ ಒಂದೇ ಅಗಲದ ಬೂದು ಬಣ್ಣದ ಗೆರೆ ಬರಬೇಕು. ಆಮೇಲೆ ಪೇಸ್ಟನ್ನು ಚೂರೂ ಉಳಿಯದಂತೆ ತೊಳೆದು, ಹೆಡ್ ಬೋರಲು ಇಟ್ಟು ವಾಲ್ವಿನ ಮೇಲೆ ಡೀಸೆಲ್ ನಿಲ್ಲಿಸಿ. ಹತ್ತು ನಿಮಿಷ ಸೋರದಿದ್ದರೆ ಸರಿ. ಹೆಡ್ ಬಿಗಿಯುವಾಗ ಎಷ್ಟು ಬಲದಲ್ಲಿ ಬಿಗಿದಿದ್ದೇವೆ ಅಂತ ತೋರಿಸುವ ಟಾರ್ಕ್ ವ್ರೆಂಚ್ ಬೇಕೇ ಬೇಕು, ಇಲ್ಲದಿದ್ದರೆ ಸಾಲ ತನ್ನಿ. ಎದುರು ಬದುರು ಬೋಲ್ಟುಗಳನ್ನು ಮೂರು ಸುತ್ತಿನಲ್ಲಿ ಹೆಚ್ಚಿಸುತ್ತಾ ಬಿಗಿಯಿರಿ. ಟಾರ್ಕ್ ಎಷ್ಟು, ಟ್ಯಾಪೆಟ್ (ವಾಲ್ವು ಒತ್ತುವ ಭಾಗ) ಸಂದು ಎಷ್ಟು ಅನ್ನುವುದು ನಿಮ್ಮ ಮಾಡೆಲ್ಲಿನ ಪುಸ್ತಕದಲ್ಲಿದೆ, ಡೀಲರ್ ಹತ್ತಿರ ಕೇಳಿ ಒಂದು ಪ್ರತಿ ಇಟ್ಟುಕೊಳ್ಳಿ.

ಡೀಸೆಲ್ ದಾರಿ

ಇದನ್ನು ನಾನು ಕೊನೆಗೆ ಮಾಡಿದೆ, ನೀವು ಮೊದಲೇ ಮಾಡಿ. ಹೊಸ ರಿಂಗು ಹಾಕಿ, ಹೆಡ್ ಕೂರಿಸಿ, ಹ್ಯಾಂಡಲ್ ಹೊಡೆದು ಹೊಡೆದು ತೋಳು ಸೋತಿತು, ಒಂದು ಪಟ್ ಕೂಡ ಬರಲಿಲ್ಲ. ಟ್ಯಾಂಕನ್ನು ಮೇಲಿಂದ ಟಾರ್ಚ್ ಹಾಕಿ ನೋಡಿ ಚೊಕ್ಕ ಇದೆ ಅಂದುಕೊಂಡಿದ್ದೆ, ಅಡಿಯಲ್ಲಿ ಕೆಂಪು ಕೆಸರು ಕೂತಿತ್ತು. ಅದು ಫಿಲ್ಟರ್ ದಾಟಿ ಪಂಪಿಗೂ ಹೋಗಿತ್ತು.

ಟ್ಯಾಂಕನ್ನು ಬಿಚ್ಚಿ, ಒಂದು ಹಿಡಿ ಸಣ್ಣ ಜಲ್ಲಿ ಮತ್ತು ಸ್ವಲ್ಪ ಡೀಸೆಲ್ ಹಾಕಿ ಚೆನ್ನಾಗಿ ಕುಲುಕಿ ಸುರಿಯಿರಿ. ಡೀಸೆಲ್ ತಿಳಿಯಾಗಿ ಬರುವವರೆಗೆ ಮಾಡಿ. ಎಣ್ಣೆ ಜಿಡ್ಡನ್ನು ಸೋಪಿನ ನೀರಿನಲ್ಲಿ ತೆಗೆದ ಮೇಲೆ, ಉಳಿದ ತುಕ್ಕಿಗೆ ಬಿಸಿನೀರಿನಲ್ಲಿ ಸಿಟ್ರಿಕ್ ಆಸಿಡ್ ಪುಡಿ ಕರಗಿಸಿ ಒಂದು ರಾತ್ರಿ ತುಂಬಿಡಿ. ಹಿತ್ತಾಳೆ ದೀಪಕ್ಕೆ ಹುಣಸೆಹುಳಿ ಹಚ್ಚಿ ತೊಳೆಯುತ್ತೇವಲ್ವಾ, ಅದೇ ಉಪಾಯ, ಹುಳಿ ತುಕ್ಕನ್ನು ಕರಗಿಸುತ್ತದೆ. ಆಮೇಲೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಬಿಸಿಲಿಗೆ ಇಟ್ಟು, ಒಣಗಿದ ತಕ್ಷಣ ಒಳಗೆಲ್ಲ ಡೀಸೆಲ್ ತಾಗಿಸಿ. ತಡಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಹಿಡಿಯುತ್ತದೆ. ಫಿಲ್ಟರ್, ರಬ್ಬರ್ ಪೈಪು ಎಲ್ಲ ಹೊಸದೇ ಹಾಕಿ.

ನಾಝಲ್ ಮತ್ತು ಪಂಪಿನ ಒಳಭಾಗಗಳನ್ನು ಮನೆಯಲ್ಲಿ ಬಿಚ್ಚಬೇಡಿ. ಡೀಸೆಲ್ ಪಂಪ್ ರಿಪೇರಿ ಅಂಗಡಿಯವರಿಗೆ ಕೊಡಿ. ಅವರ ಹತ್ತಿರ ಒತ್ತಡ ನೋಡುವ ಯಂತ್ರ ಇರುತ್ತದೆ, ನಾಝಲ್ ಮಂಜಿನಂತೆ ಸಿಂಪಡಿಸುತ್ತಿದೆಯಾ, ಹನಿ ಹಾಕುತ್ತಿದೆಯಾ ಅಂತ ನಿಮ್ಮ ಕಣ್ಣೆದುರೇ ತೋರಿಸುತ್ತಾರೆ. ಒಂದು ಮಾತು ಖಂಡಿತ ನೆನಪಿಡಿ. ನಾಝಲ್ ಹೊಡೆಯುವಾಗ ಅದರ ಮುಂದೆ ಕೈ ಹಿಡಿಯಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ಚುಕ್ಕೆಯಷ್ಟೇ ಗಾಯ ಕಾಣಬಹುದು, ಆದರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು.

ಎಲ್ಲ ಜೋಡಿಸಿದ ಮೇಲೆ ಡೀಸೆಲ್ ಪೈಪಿನೊಳಗಿನ ಗಾಳಿ ತೆಗೆಯಬೇಕು. ಪಂಪಿನ ಹತ್ತಿರದ ಬೋಲ್ಟು ಸಡಿಲಿಸಿ, ಗುಳ್ಳೆ ನಿಂತು ಡೀಸೆಲ್ ಸರಾಗವಾಗಿ ಬರುವವರೆಗೆ ಬಿಟ್ಟು ಬಿಗಿಯಿರಿ. ಆಮೇಲೆ ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಾಝಲಿನಿಂದ ಕಿರ್ ಕಿರ್ ಸದ್ದು ಕೇಳಿಸಿದರೆ ಡೀಸೆಲ್ ಸಿಲಿಂಡರಿಗೆ ತಲುಪಿತು.

ರೇಡಿಯೇಟರಿನೊಳಗೆ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದರೆ ಅದೇ ಸಿಟ್ರಿಕ್ ಆಸಿಡ್ ನೀರು ಅಲ್ಲೂ ಕೆಲಸ ಮಾಡುತ್ತದೆ. ಅಲ್ಯೂಮಿನಿಯಂ ಭಾಗ ಇದ್ದರೆ ಮಾತ್ರ ಜಾಸ್ತಿ ಹೊತ್ತು ಬಿಡಬೇಡಿ.

ಬೆಲ್ಟು, ಸೀಲು, ಬ್ಲೇಡು

ಬೆಲ್ಟು ಎಷ್ಟಿವೆಯೋ ಅಷ್ಟನ್ನೂ ಒಟ್ಟಿಗೆ ಬದಲಾಯಿಸಿ. ಒಂದು ಹೊಸದು, ಉಳಿದದ್ದು ಹಳೆಯದು ಹಾಕಿದರೆ ಹೊಸದೊಂದೇ ಎಲ್ಲ ಭಾರ ಹೊತ್ತು ಬೇಗ ಹರಿಯುತ್ತದೆ. ಎರಡು ಪುಲ್ಲಿಗಳ ಮುಖಕ್ಕೆ ದಾರ ಎಳೆದು ಹಿಡಿದು ನೇರ ಇದೆಯಾ ನೋಡಿ. ಮಧ್ಯದಲ್ಲಿ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು ಒಂದು ಬೆರಳಿನ ದಪ್ಪದಷ್ಟು ತಗ್ಗಬೇಕು.

ಶಾಫ್ಟಿನ ಸುತ್ತ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲಿನ ವಿಷಯದಲ್ಲಿ ಎಚ್ಚರ ಬೇಕು. ರೋಟರಿ ಶಾಫ್ಟಿಗೆ ಹುಲ್ಲು, ಗೊಬ್ಬರದ ಚೀಲದ ಪ್ಲಾಸ್ಟಿಕ್ ದಾರ ಸುತ್ತಿಕೊಂಡು ಸೀಲಿನ ತುಟಿ ಕತ್ತರಿಸಿರುತ್ತದೆ. ಅಲ್ಲಿಂದಲೇ ಗದ್ದೆಯ ಕೆಸರು ನೀರು ಒಳಗೆ ಹೋಗುವುದು. ಹೊಸ ಸೀಲು ಹಾಕುವ ಮೊದಲು ಶಾಫ್ಟಿನ ಮೇಲೆ ಬೆರಳಾಡಿಸಿ. ಹಳೇ ಸೀಲು ಉಜ್ಜಿ ಗೆರೆ ಬಿದ್ದಿದ್ದರೆ ಹೊಸದೂ ಸೋರುತ್ತದೆ, ನಮ್ಮದು ಎರಡೇ ವಾರಕ್ಕೆ ಸೋರಿತು. ಸೀಲನ್ನು ಎರಡು ಮೂರು ಮಿ.ಮೀ. ಮುಂದೆ ಇಲ್ಲವೇ ಹಿಂದೆ ಕೂರಿಸಲು ಜಾಗ ಇದ್ದರೆ ಹಾಗೆ ಮಾಡಿ, ಇಲ್ಲದಿದ್ದರೆ ಲೇತಿನವರಿಗೆ ಹೇಳಿ ಅಲ್ಲಿಗೆ ತೆಳು ಸ್ಲೀವ್ ಹಾಕಿಸಿ.

ರೋಟರಿ ಬ್ಲೇಡುಗಳಲ್ಲಿ ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು ಅಂತ ಎರಡು ಜಾತಿ. ಬಿಚ್ಚುವ ಮೊದಲೇ ಪೇಂಟಿನಲ್ಲಿ ನಂಬರ್ ಬರೆಯಿರಿ. ಅದಲು ಬದಲಾದರೆ ಮಣ್ಣೆಲ್ಲ ಒಂದೇ ಕಡೆ ಗುಡ್ಡೆಯಾಗುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ.

ಬಣ್ಣ ಬಳಿಯುವುದು ಬೇಸಿಗೆಯ ಕೆಲಸ, ಜೂನ್ ಬಂದ ಮೇಲೆ ಮುಟ್ಟಬೇಡಿ. ತೇವದ ಕಬ್ಬಿಣದ ಮೇಲೆ ಹಚ್ಚಿದ ಬಣ್ಣದ ಅಡಿಯಲ್ಲೇ ತುಕ್ಕು ಬೆಳೆಯುತ್ತದೆ. ತುಕ್ಕು ಕೆರೆದು, ಜಿಡ್ಡು ತೊಳೆದು, ಒಂದು ಕೈ ರೆಡ್ ಆಕ್ಸೈಡ್, ಎರಡು ಕೈ ಎನಾಮಲ್ ಸಾಕು. ಎಂಜಿನ್ ನಂಬರ್, ಚಾಸಿ ನಂಬರ್ ಇರುವ ಜಾಗಕ್ಕೆ ಟೇಪು ಅಂಟಿಸಿ. ಹೊಳಪು ಬರಿಸುವುದಕ್ಕೆ ಹಾಕುವ ದುಡ್ಡನ್ನು ಸೀಲು, ಬೇರಿಂಗಿಗೆ ಹಾಕಿ ಅನ್ನುವುದು ನನ್ನ ಅಭಿಪ್ರಾಯ.

ಮೊದಲ ಸ್ಟಾರ್ಟು

ಬಯಲಿನಲ್ಲಿ ಮಾಡಿ. ಮಕ್ಕಳನ್ನು ದೂರ ಕಳಿಸಿ. ಎಣ್ಣೆ, ನೀರು, ಗೇರ್ ನ್ಯೂಟ್ರಲ್ಲು ಎಲ್ಲ ಎರಡೆರಡು ಸಲ ನೋಡಿ. ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ಬೆರಳುಗಳ ಕಡೆಯೇ ಇಡಿ, ಸುತ್ತಿ ಹಿಡಿಯಬೇಡಿ. ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈ ಬಿಟ್ಟು ಹೋಗಬೇಕು, ಬೆರಳು ಮುರಿಯಬಾರದು.

ಕೈಗೆ ಸಿಗುವ ಹಾಗೆ ಒಂದು ದಪ್ಪ ಹಲಗೆ ಇಟ್ಟುಕೊಳ್ಳಿ. ಇದನ್ನು ನನಗೆ ಊರಿನ ಹಳೇ ಮೆಕ್ಯಾನಿಕ್ ಒಬ್ಬರು ಹೇಳಿದ್ದರು. ಮೊದಲ ಸಲ ಏರ್ ಕ್ಲೀನರ್ ಹಾಕದೆ ಸ್ಟಾರ್ಟ್ ಮಾಡು, ಎಂಜಿನ್ ಕೈ ಮೀರಿದರೆ ಗಾಳಿಯ ಬಾಯಿಗೆ ಹಲಗೆ ಒತ್ತು, ಅಂಗೈ ಮಾತ್ರ ಇಡಬೇಡ ಅಂತ. ನಮ್ಮದು ಐದನೇ ಸುತ್ತಿಗೆ ಹತ್ತಿಕೊಂಡಿತು. ಖುಷಿ ಪಡುವಷ್ಟರಲ್ಲಿ ಸದ್ದು ಏರುತ್ತಲೇ ಹೋಯಿತು, ಥ್ರಾಟಲ್ ಇಳಿಸಿದರೂ ಇಳಿಯಲಿಲ್ಲ. ಎಂಜಿನ್ ವೇಗ ಹತೋಟಿಯಲ್ಲಿಡುವ ಗವರ್ನರಿನ ಕೊಂಡಿ ತುಕ್ಕಿಗೆ ಹಿಡಿದುಕೊಂಡು ಪಂಪು ಪೂರ್ತಿ ತೆರೆದೇ ಉಳಿದಿತ್ತು. ಹಲಗೆ ಒತ್ತಿದೆ, ಎರಡು ಮೂರು ಸೆಕೆಂಡಿಗೆ ಉಸಿರು ಕಟ್ಟಿ ನಿಂತಿತು. ಆದ್ದರಿಂದ ಸ್ಟಾರ್ಟ್ ಮಾಡುವ ಮೊದಲೇ ಥ್ರಾಟಲಿನಿಂದ ಪಂಪಿನವರೆಗಿನ ಪ್ರತಿಯೊಂದು ಕೊಂಡಿಯೂ ಬೆರಳಲ್ಲಿ ಸಲೀಸಾಗಿ ಆಡುತ್ತದೆಯಾ ಅಂತ ನೋಡಿ.

ಶುರುವಿನಲ್ಲಿ ಬಿಳಿ ಹೊಗೆ ಬಂದು ಕಾದ ಮೇಲೆ ಕಡಿಮೆಯಾದರೆ ಸಹಜ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಣ್ಣೆ ಸುಡುತ್ತಿದೆ, ರಿಂಗು ಕೂತಿಲ್ಲ. ಕಪ್ಪು ಹೊಗೆಯಾದರೆ ನಾಝಲ್ ಇಲ್ಲವೇ ಏರ್ ಕ್ಲೀನರ್ ನೋಡಿ. ಅರ್ಧ ಗಂಟೆ ಹಗುರಾಗಿ ಓಡಿಸಿ, ಪೂರ್ತಿ ತಣ್ಣಗಾದ ಮೇಲೆ ಹೆಡ್ ಬೋಲ್ಟು, ಟ್ಯಾಪೆಟ್ ಮತ್ತೊಮ್ಮೆ ನೋಡಿ. ಮೊದಲ ಎಣ್ಣೆಯನ್ನು ಬೇಗ ಬದಲಾಯಿಸಿ, ಒಳಗೆ ಉಳಿದ ಕಸವೆಲ್ಲ ಅದರಲ್ಲೇ ಬರುತ್ತದೆ.

ತೋಟಕ್ಕೆ ಇಳಿಸುವ ಮೊದಲು ಎರಡು ಸ್ಟೀರಿಂಗ್ ಕ್ಲಚ್ಚುಗಳನ್ನೂ ಸಮತಟ್ಟು ಜಾಗದಲ್ಲಿ ಪರೀಕ್ಷೆ ಮಾಡಿ. ಟಿಲ್ಲರ್ ಹೊಸಬರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಸಮತಟ್ಟಿನಲ್ಲಿ ಎಡ ಕ್ಲಚ್ಚು ಹಿಡಿದರೆ ಎಡ ಚಕ್ರಕ್ಕೆ ಶಕ್ತಿ ನಿಂತು ಯಂತ್ರ ಎಡಕ್ಕೆ ತಿರುಗುತ್ತದೆ. ಆದರೆ ಇಳಿಜಾರಿನಲ್ಲಿ ಇಳಿಯುವಾಗ ಎಂಜಿನ್ ಯಂತ್ರವನ್ನು ಹಿಡಿದಿಟ್ಟಿರುತ್ತದೆ. ಆಗ ಎಡ ಕ್ಲಚ್ಚು ಹಿಡಿದರೆ ಎಡ ಚಕ್ರ ಬಿಡುಗಡೆಯಾಗಿ ಮುಂದೆ ಓಡುತ್ತದೆ, ಟಿಲ್ಲರ್ ಬಲಕ್ಕೆ ತಿರುಗುತ್ತದೆ. ಟ್ರೇಲರ್ ತುಂಬಾ ಗೊಬ್ಬರ ಇಟ್ಟುಕೊಂಡು ತೋಟದ ದಾರಿ ಇಳಿಯುವಾಗ ಇದು ಗೊತ್ತಿಲ್ಲದಿದ್ದರೆ ಯಂತ್ರ ಸಮೇತ ದಾರಿ ಬದಿಯ ಧರೆಯಿಂದ ಕೆಳಗೆ ಬೀಳುವ ಅಪಾಯ. ಇಳಿಜಾರಿನಲ್ಲಿ ಸಣ್ಣ ಗೇರಿನಲ್ಲಿ, ಕ್ಲಚ್ಚು ಮುಟ್ಟದೆ ಹ್ಯಾಂಡಲಿನಿಂದಲೇ ತಿರುಗಿಸಿ. ಹೊಸದಾಗಿ ಓಡಿಸುವ ಯಾರೇ ಬಂದರೂ ನಾನು ಮೊದಲು ಖಾಲಿ ಯಂತ್ರದಲ್ಲಿ ಇದನ್ನು ಮಾಡಿ ತೋರಿಸಿಯೇ ಕೈಗೆ ಕೊಡುತ್ತೇನೆ.

ಕೆಲಸ ಮುಗಿದ ಮೇಲೆ ಮಳೆಗಾಲಕ್ಕೆ ನಿಲ್ಲಿಸುವಾಗ ಟ್ಯಾಂಕು ಪೂರ್ತಿ ತುಂಬಿಸಿ, ಖಾಲಿ ಜಾಗ ಇದ್ದರೆ ಗಾಳಿಯ ತೇವ ಅಲ್ಲೇ ನೀರಾಗುತ್ತದೆ. ಸ್ಟಾರ್ಟ್ ಮಾಡುವ ಹ್ಯಾಂಡಲ್ ತಿರುಗಿಸಿ ಗಟ್ಟಿಯಾಗುವ ಜಾಗದಲ್ಲಿ ನಿಲ್ಲಿಸಿ, ಆಗ ಎರಡೂ ವಾಲ್ವು ಮುಚ್ಚಿರುತ್ತವೆ. ಸೈಲೆನ್ಸರಿಗೆ ಒಂದು ಹಾಲಿನ ಪುಡಿ ಡಬ್ಬ ಬೋರಲು ಹಾಕಿ. ಚಕ್ರದ ಕೆಳಗೆ ಹಲಗೆ ಕೊಡಿ. ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಅಪ್ಪ ಆ ಡಬ್ಬ ತೆಗೆದು ಹತ್ತು ನಿಮಿಷ ಓಡಿಸಿ ಮತ್ತೆ ಮುಚ್ಚಿಡುತ್ತಾರೆ.